ನೀರಡಿಕೆಯ ಸೆಮಿಸ್ಟರ್

ಬೆನೆಡಿಕ್ಟ್ ದ್ರಾವಣ ಕಾಯುವಾಗ ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ವಾಸನೆ ಬರುವುದು ಸ್ಪಿರಿಟ್ ದೀಪದಿಂದ, ಅರೆಬರೆ ಸುಟ್ಟ ಬತ್ತಿಯಿಂದ, ಗಾಜಿನ ನಳಿಕೆ ಹಿಡಿಯುವ ಕಟ್ಟಿಗೆ ಇಕ್ಕಳದ ಕರಟಿದ ತುದಿಯಿಂದ. ಭಾಲ್ಕಿಯ ಕಾಲೇಜೊಂದರಲ್ಲಿ ನಾನು ಈಗ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಮೂತ್ರದಲ್ಲಿ ಸಕ್ಕರೆ ಪತ್ತೆ ಹಚ್ಚುವ ಪ್ರಯೋಗ ವರ್ಷಕ್ಕೊಮ್ಮೆ ಬರುತ್ತದೆ. ಬಂದಾಗೆಲ್ಲ ಈ ವಾಸನೆ ಮೂಗಿಗೆ ಅಡರಿ, ಒಂದು ಕೊಡ ನೀರು ಕುಡಿಯಬೇಕು ಅನ್ನಿಸುತ್ತದೆ. ಈಗಿನ ಮಕ್ಕಳಿಗೆ ನಾವು ಏನನ್ನೂ ತರಲು ಹೇಳುವುದಿಲ್ಲ. ನಲ್ಲಿ ನೀರಿಗೆ ಗ್ಲೂಕೋಸ್ ಪುಡಿ ಕಲಸಿ, ಬಣ್ಣಕ್ಕೆಂದು ನಾಲ್ಕು ಹನಿ ಚಹಾ ಬೆರೆಸಿ, ಇದು ರೋಗಿಯದು ಎಂದು ನಾನೇ ಚೀಟಿ ಅಂಟಿಸುತ್ತೇನೆ. ಮಕ್ಕಳು ಮೂಗು ಮುಚ್ಚಿಕೊಂಡು ಪ್ರಯೋಗ ಮಾಡುತ್ತಾರೆ, ಚಹಾಕ್ಕೆ.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ನಮ್ಮ ಕಾಲ ಎಂದರೆ ತೀರಾ ಹಿಂದಿನದೇನಲ್ಲ. ಎಲ್ಲರ ಕೈಗೂ ಮೊಬೈಲ್ ಬಂದಿತ್ತು, ಬಸ್ಸಿನಲ್ಲಿ ಮಾತ್ರ ಸೀಟು ಸಿಗುತ್ತಿರಲಿಲ್ಲ.

ನಾನು ಔರಾದ ತಾಲ್ಲೂಕಿನ ಠಾಣಾ ಕುಶನೂರಿನವಳು. ಬಿ.ಎಸ್ಸಿ. ಓದಲು ದಿನಾ ಬೀದರಿಗೆ ಹೋಗಿ ಬರುತ್ತಿದ್ದೆ. ಅಪ್ಪ ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಅವ್ವ ನಮ್ಮ ಹೊಲದಲ್ಲೂ ಮಂದಿಯ ಹೊಲದಲ್ಲೂ ಕಳೆ ತೆಗೆಯುತ್ತಿದ್ದಳು. ಬೆಳಗಿನ ಮೊದಲ ಬಸ್ಸಿಗೆ ಹಾಲಿನ ಕ್ಯಾನಿನವರು, ದವಾಖಾನೆಗೆ ಹೋಗುವವರು, ಕಚೇರಿಯಲ್ಲಿ ಕೆಲಸ ಇದ್ದವರು, ನಮ್ಮಂಥ ಪಾಸಿನ ಹುಡುಗಿಯರು ಎಲ್ಲರೂ ಒಟ್ಟಿಗೇ ಮುಗಿಬೀಳುತ್ತಿದ್ದೆವು. ಪಾಸಿನವರೆಂದರೆ ಕಂಡಕ್ಟರಿಗೆ ಅಷ್ಟಕ್ಕಷ್ಟೆ. ಅರ್ಧ ದಾರಿ ನಿಂತೇ ಹೋಗಬೇಕು. ಕಿಟಕಿಯಾಚೆ ಕಪ್ಪು ನೆಲದಲ್ಲಿ ಸೋಯಾ ಎದ್ದಿರುತ್ತಿತ್ತು. ಬೀದರ ಹತ್ತಿರವಾದಂತೆ ಮಣ್ಣು ಕೆಂಪಾಗುತ್ತಿತ್ತು. ಮಣ್ಣು ಕೆಂಪಾದರೆ ಇಳಿಯುವ ಹೊತ್ತಾಯಿತೆಂದು ತಿಳಿದು ನಾನು ಕಣ್ಣು ತೆರೆಯುತ್ತಿದ್ದೆ. ನಿಂತಲ್ಲೇ ನಿದ್ದೆ ಮಾಡುವುದನ್ನು ಆ ಮಳೆಗಾಲದಲ್ಲಿ ಕಲಿತೆ.

ಆ ಮಳೆಗಾಲ ಎಂದರೆ ನನಗೆ ನೆನಪಾಗುವುದು ದಣಿವು. ಎದ್ದಾಗ ದಣಿವು, ಕೂತಾಗ ದಣಿವು, ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ದಣಿವು. ಆದರೆ ಅದನ್ನು ಯಾರಿಗೆ ಹೇಳುವುದು? ನಮ್ಮ ಕಡೆ ಆರಾಮ ಇದ್ದೀರಾ ಎಂದು ಕೇಳಿದರೆ, ಏನು ಆರಾಮ, ಸುಸ್ತು ಎನ್ನುವುದೇ ವಾಡಿಕೆ. ಅವ್ವ ದಿನವಿಡೀ ಸೋಯಾದ ಸಾಲಿನಲ್ಲಿ ಕುಕ್ಕರಗಾಲಲ್ಲಿ ಸರಿದು ಬಂದು, ಸೊಂಟಕ್ಕೆ ಸೆರಗು ಬಿಗಿದು ಒಲೆ ಮುಂದೆ ಕೂರುತ್ತಿದ್ದಳು. ಅಂಥವಳ ಮುಂದೆ, ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬೆಂಚಿನ ಮೇಲೆ ಕೂತು ಬಂದ ನಾನು ದಣಿದಿದ್ದೇನೆ ಎಂದರೆ ಅದು ಕೊಬ್ಬಿನ ಮಾತಾಗುತ್ತಿತ್ತು. ಒಮ್ಮೆ ಹೇಳಿಯೂ ನೋಡಿದೆ. ಅವ್ವ ಬೈಯಲಿಲ್ಲ, ಹಿಟ್ಟು ತಟ್ಟುವುದನ್ನು ನಿಲ್ಲಿಸದೆ, ಓದಿದರೆ ತಲೆಗೆ ಸುಸ್ತಾಗುತ್ತದೆ, ಎರಡು ರೊಟ್ಟಿ ಜಾಸ್ತಿ ತಿನ್ನು ಎಂದಳು. ತಿಂದೆ. ತಿಂದಷ್ಟೂ ಹಸಿವಾಗುತ್ತಿತ್ತು, ತಿಂದಷ್ಟೂ ಮೈ ಇಳಿಯುತ್ತಿತ್ತು. ಹೊಸ ಚೂಡಿದಾರನ್ನು ಅವ್ವ ಎರಡು ಸಲ ಹಿಡಿದು ಹೊಲಿದಳು.

ದಣಿವಿಗಿಂತ ಹೆಚ್ಚು ಕಾಡಿದ್ದು ನೀರಡಿಕೆ. ಹೊರಗೆ ಜಿಟಿಜಿಟಿ ಮಳೆ, ಮೋಡ ಕವಿದ ಆಕಾಶ, ಬೇರೆಯವರು ನೀರು ಮುಟ್ಟಲೂ ಹಿಂಜರಿಯುವ ಚಳಿ. ನಾನು ಮಾತ್ರ ಬೇಸಿಗೆಯ ಎಮ್ಮೆಯ ಹಾಗೆ ಕುಡಿಯುತ್ತಿದ್ದೆ. ಚೀಲದಲ್ಲಿ ಪುಸ್ತಕಕ್ಕಿಂತ ಬಾಟಲಿಯ ಭಾರವೇ ಹೆಚ್ಚು. ಕುಡಿದ ನೀರು ಸುಮ್ಮನಿರುತ್ತದೆಯೇ? ದಾರಿಯಲ್ಲಿ ಬಸ್ಸು ನಿಲ್ಲಿಸಿ ಎಂದು ಕೇಳಬೇಕಾಗುತ್ತಿತ್ತು. ಮೊದಮೊದಲು ಕಂಡಕ್ಟರ್ ಪಾಪ ಎಂದು ನಿಲ್ಲಿಸಿದ. ಆಮೇಲೆ ನನ್ನ ಮುಖ ನೋಡಿದರೇ ಬೇರೆ ಕಡೆ ತಿರುಗುತ್ತಿದ್ದ. ನಾನು ಮೋರಿಯ ಪಕ್ಕದ ಜಾಲಿ ಮರೆಯಿಂದ ಓಡೋಡಿ ಬಂದು ಹತ್ತಿದರೆ ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಹಾಲಿನ ಕ್ಯಾನಿನ ಮುದುಕನೊಬ್ಬ ದಿನಾ ಗೊಣಗುತ್ತಿದ್ದ. ಹೆಂಗಸರು ನೀರು ಕಡಿಮೆ ಕುಡಿ ಎಂದು ಬುದ್ಧಿ ಹೇಳುತ್ತಿದ್ದರು. ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ಆದರೂ ಕೂತ ಕೂಡಲೇ ಬಾಟಲಿ ಬಾಯಿಗೆ ಹೋಗುತ್ತಿತ್ತು.

ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ತೆಗೆದುಕೊಂಡವರೆಲ್ಲ ಒಟ್ಟಿಗೆ ಕೂತು ಓದಬೇಕಾಗಿದ್ದ ವಿಷಯ ಬಯೋಕೆಮಿಸ್ಟ್ರಿ. ನಾನು ಹತ್ತನೆಯವರೆಗೆ ಕನ್ನಡ ಸಾಲೆಯಲ್ಲಿ ಓದಿದವಳು. ಶರ್ಕರಪಿಷ್ಟ ಎಂದರೆ ಗೊತ್ತಿತ್ತು. ಅದೇ ಕಾರ್ಬೋಹೈಡ್ರೇಟ್ ಎಂದು ಬಂದಾಗ ಗುರುತು ಹಿಡಿಯಲಿಲ್ಲ, ಸಣ್ಣವಳಿದ್ದಾಗ ಕಂಡ ನೆಂಟರು ಪ್ಯಾಂಟು ಹಾಕಿಕೊಂಡು ಬಂದ ಹಾಗಾಯಿತು. ಕಲಿಸುತ್ತಿದ್ದವರು ಅತಿಥಿ ಉಪನ್ಯಾಸಕಿ. ಅವರನ್ನು ಇಲ್ಲಿ ಮೇಡಂ ಎಂದಷ್ಟೇ ಕರೆಯುತ್ತೇನೆ, ಹೆಸರು ಬರೆದರೆ ಅವರಿಗೆ ಹಿಡಿಸಲಿಕ್ಕಿಲ್ಲ. ಅವರೂ ಭಾಲ್ಕಿಯಿಂದ ದಿನಾ ಬಸ್ಸು ಹಿಡಿದು ಬರುತ್ತಿದ್ದರು, ನಮ್ಮಷ್ಟೇ ನಲುಗಿದ ಸೀರೆಯಲ್ಲಿ. ಇಂಗ್ಲಿಷಿನಲ್ಲಿ ಶುರು ಮಾಡಿ, ನಮ್ಮ ಮುಖ ನೋಡಿ, ಕನ್ನಡಕ್ಕೆ ಇಳಿಯುತ್ತಿದ್ದರು. ಗ್ಲೂಕೋಸ್ ಜೀವಕೋಶದೊಳಗೆ ಒಡೆಯುವ ದಾರಿಯನ್ನು ಔರಾದ–ಬೀದರ ಬಸ್ಸಿನ ಸ್ಟಾಪುಗಳ ಹಾಗೆ ಬರೆಸಿದ್ದರು. ಒಂದೊಂದು ಸ್ಟಾಪಿಗೂ ಒಬ್ಬ ಕಂಡಕ್ಟರ್, ಅವನೇ ಕಿಣ್ವ, ಅವನು ಸೀಟಿ ಊದದಿದ್ದರೆ ಬಸ್ಸು ಅಲ್ಲೇ ನಿಲ್ಲುತ್ತದೆ. ನನಗೆ ಈಗಲೂ ಹೆಕ್ಸೋಕೈನೇಸ್ ಎಂದರೆ ಖಾಕಿ ಬಟ್ಟೆಯೇ ಕಣ್ಣಿಗೆ ಕಟ್ಟುತ್ತದೆ.

ಆ ಪಾಠ ನಾನು ಕೇಳಿದ್ದು ಅರ್ಧ, ಉಳಿದರ್ಧ ಬೆಂಚಿನ ಮೇಲೆ ತಲೆಯಿಟ್ಟು ಕಳೆದದ್ದು. ಮೇಡಂ ಒಂದೆರಡು ಸಲ ಎಬ್ಬಿಸಿ ಮುಖ ತೊಳೆದುಕೊಂಡು ಬಾ ಎಂದು ಕಳಿಸಿದರು. ನಾನು ನಲ್ಲಿಗೆ ಬಾಯಿ ಹಚ್ಚಿ ಹೊಟ್ಟೆ ತುಂಬ ಕುಡಿದು ಬಂದೆ. ಒಂದು ಮಧ್ಯಾಹ್ನ ರೆಕಾರ್ಡಿಗೆ ಸಹಿ ಹಾಕಿಸಲು ಹೋದಾಗ ಮೇಡಂ ಕೂಡ ಸ್ಟಾಫ್ ರೂಮಿನ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದರು. ಆಗ ನನಗೆ ಒಂಥರ ಸಮಾಧಾನವಾಯಿತು. ಕಲಿಸುವವರೇ ಹೀಗಿದ್ದಾರೆ, ನನ್ನದೇನು ದೊಡ್ಡದು ಎಂದುಕೊಂಡೆ. ಸುತ್ತಲಿದ್ದವರೆಲ್ಲ ದಣಿದವರೇ ಆದ್ದರಿಂದ ನನ್ನ ದಣಿವು ಬೇರೆ ಜಾತಿಯದು ಎಂದು ಯಾರ ಕಣ್ಣಿಗೂ ಬೀಳಲಿಲ್ಲ, ನನ್ನ ಕಣ್ಣಿಗೂ.

ಗಣಪತಿ ಹಬ್ಬ ಕಳೆದ ಮೇಲೆ, ಹೊಲದಲ್ಲಿ ಸೋಯಾ ಹಳದಿಯಾಗುವ ಹೊತ್ತಿಗೆ, ಆ ಪ್ರಾಕ್ಟಿಕಲ್ ಬಂತು. ಹುಡುಗಿಯರ ಬ್ಯಾಚಿಗೆ ಮೇಡಂ ಹಿಂದಿನ ದಿನವೇ ಹೇಳಿದರು: ನಾಳೆ ಪ್ರತಿಯೊಬ್ಬರೂ ಸ್ವಚ್ಛ ಬಾಟಲಿಯಲ್ಲಿ ತಮ್ಮ ತಮ್ಮ ಮೂತ್ರ ತರಬೇಕು. ಮೊದಲು ಸಹಜ ಮೂತ್ರ ನೋಡೋಣ, ಆಮೇಲೆ ನಾನು ಗ್ಲೂಕೋಸ್ ಬೆರೆಸಿ ಇಟ್ಟಿರುವ ಬಾಟಲಿಯದನ್ನು ನೋಡೋಣ, ಎರಡರ ವ್ಯತ್ಯಾಸ ಬರೆಯೋಣ. ಹೇಳಿ ಅವರು ಬಸ್ಸಿಗೆ ಹೋದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಯಾರು ತರುತ್ತಾರೆ? ತುಂಬಿದ ಬಸ್ಸಿನಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿ, ಬಾಟಲಿ ಇಟ್ಟುಕೊಂಡು ಬರುವುದೇ? ಮನೆಯಲ್ಲಿ ಅಣ್ಣಂದಿರ ಕಣ್ಣಿಗೆ ಬಿದ್ದರೆ? ಕಾಲೇಜಿಗೆ ಬಂದ ಮೇಲೆ ಹಿಡಿದರಾಯಿತು ಎಂದರೆ, ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ನಾವೆಲ್ಲ ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ಬಿಗಿಹಿಡಿದು ಬದುಕುವುದನ್ನು ಸಾಲೆಯ ಕಾಲದಿಂದ ರೂಢಿ ಮಾಡಿಕೊಂಡವರು. ಆ ಮಳೆಗಾಲದಲ್ಲಿ ಆ ರೂಢಿ ತಪ್ಪಿದವಳು ಇಡೀ ಬ್ಯಾಚಿನಲ್ಲಿ ನಾನೊಬ್ಬಳೇ.

ಉಪಾಯ ಹೊಳೆದದ್ದು ಅಂಬಿಕಾಗೆ. ಭಾಲ್ಕಿಯ ಕಿರಾಣಿ ಅಂಗಡಿಯವರ ಮಗಳು, ನನ್ನ ಬೆಂಚಿನ ಗೆಳತಿ, ಯಾವ ಮಾತಿಗೂ ಅಳುಕದವಳು. ಅವಳೇ ಸಣ್ಣ ದನಿಯಲ್ಲಿ ಕೇಳಿದಳು.

"ಸುಜಾತಾ, ನೀ ಹೆಂಗೂ ತಾಸಿಗೊಮ್ಮಿ ಹೋಗ್ತಿ. ನಾಳಿ ನಮ್ಮೆಲ್ಲರ ಪರವಾಗಿ ನೀನೇ ಹೋಗಿ ಬಾ."

ಎಲ್ಲರೂ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೂ ಆಯಿತು. ಪಾಠದಲ್ಲಿ ಹಿಂದೆ, ಇಂಗ್ಲಿಷಿನಲ್ಲಿ ಹಿಂದೆ, ನನ್ನಿಂದ ಬೇರೆಯವರಿಗೆ ಬೇಕಾಗುವಂಥದ್ದು ಏನಾದರೂ ಇದ್ದರೆ ಇದೊಂದೇ. ಮರುದಿನ ಅಂಬಿಕಾ ಮನೆಯಿಂದ ಕೆಮ್ಮಿನ ಸಿರಪ್ಪಿನ ದೊಡ್ಡ ಖಾಲಿ ಬಾಟಲಿ ತೊಳೆದು ತಂದಳು. ಅವಳು ಶೌಚಾಲಯದ ಬಾಗಿಲು ಹಿಡಿದು ನಿಂತಳು, ನಾನು ಒಂದೇ ಸಲಕ್ಕೆ ಬಾಟಲಿ ತುಂಬಿಸಿದೆ. ಅದನ್ನೇ ಎಲ್ಲರೂ ತಮ್ಮ ತಮ್ಮ ಬೀಕರಿಗೆ ಹಂಚಿಕೊಂಡರು.

ಸಹಜ ಮೂತ್ರಕ್ಕೆ ಬೆನೆಡಿಕ್ಟ್ ದ್ರಾವಣ ಹಾಕಿ ಕಾಸಿದರೆ ಅದು ನೀಲಿಯಾಗಿಯೇ ಉಳಿಯಬೇಕು. ಸಕ್ಕರೆ ಇದ್ದರೆ ಹಸಿರು, ಹಳದಿ, ಇನ್ನೂ ಹೆಚ್ಚಿದ್ದರೆ ಇಟ್ಟಂಗಿಯ ಬಣ್ಣ. ನನ್ನ ನಳಿಕೆ ಮೊದಲು ಕಾಯಿತು. ನೀಲಿ ಕದಡಿತು, ಹಸಿರಾಯಿತು, ನೋಡನೋಡುತ್ತ ಇಟ್ಟಂಗಿಯಾಯಿತು. ಏನೋ ತಪ್ಪು ಮಾಡಿದೆ ಎಂದುಕೊಂಡೆ. ನಲ್ಲಿಯ ಕೆಳಗೆ ಸುರಿದುಬಿಡೋಣವೆಂದು ಎದ್ದೆ. ನಮ್ಮಲ್ಲಿ ಅದೇ ಪದ್ಧತಿ. ಪ್ರಯೋಗದಲ್ಲಿ ಏನು ಬಂದರೂ ರೆಕಾರ್ಡಿನಲ್ಲಿ ಪುಸ್ತಕದಲ್ಲಿರುವುದನ್ನೇ ಬರೆಯುವುದು. ನನ್ನದೊಂದೇ ಕೆಂಪಾಗಿದ್ದರೆ ಖಂಡಿತ ಸುರಿದು, ಸಕ್ಕರೆ ಇಲ್ಲ ಎಂದು ಬರೆದು ಮನೆಗೆ ಹೋಗುತ್ತಿದ್ದೆ. ಆದರೆ ಪಕ್ಕದಲ್ಲಿ ಅಂಬಿಕಾಳದೂ ಕೆಂಪಾಯಿತು, ಅವಳ ಪಕ್ಕದವಳದೂ. ಮೇಜಿನುದ್ದಕ್ಕೂ ಸ್ಟ್ಯಾಂಡುಗಳಲ್ಲಿ ಇಟ್ಟಂಗಿ ಬಣ್ಣದ ನಳಿಕೆಗಳು ಸಾಲಾಗಿ ನಿಂತವು. ಅಷ್ಟನ್ನೂ ಸುರಿಯುವಷ್ಟರಲ್ಲಿ ಮೇಡಂ ಒಳಗೆ ಬಂದರು.

ಅವರಿಗೆ ಸಿಟ್ಟು ಬಂತು. ನಾವು ತರದೆ, ಅವರು ಗ್ಲೂಕೋಸ್ ಬೆರೆಸಿಟ್ಟ ಬಾಟಲಿಯಿಂದ ಕದ್ದು ಹಾಕಿದ್ದೇವೆ ಎಂದುಕೊಂಡರು. ಆ ಬಾಟಲಿ ನೋಡಿದರು, ಮುಚ್ಚಳದ ಟೇಪು ಹಾಗೇ ಇತ್ತು. ಆಮೇಲೆ ಕಸದ ಬುಟ್ಟಿಯಲ್ಲಿ ಸಿರಪ್ಪಿನ ಬಾಟಲಿ ಕಂಡಿತು. ಸಿರಪ್ಪಿನಲ್ಲಿ ಗ್ಲೂಕೋಸ್ ಇರುತ್ತದೆ, ಅರೆಬರೆ ತೊಳೆದರೆ ಹೋಗುತ್ತದೆಯೇ, ಇಷ್ಟು ದಿನ ಕಲಿಸಿದ್ದು ಯಾರಿಗೆ ಎಂದು ಕೂಗಾಡಿದರು. ಕೂಗುತ್ತ ಕೂಗುತ್ತ ಅವರ ದನಿಯೇ ಬಿದ್ದುಹೋಯಿತು. ಸ್ಟೂಲಿನ ಮೇಲೆ ಕೂತರು. ಇದು ಯಾರದು ಎಂದು ಕೇಳಿದರು. ನಾನು ಕೈ ಎತ್ತಿದೆ. ತೊಳೆದ ಬೀಕರು ಕೊಟ್ಟು, ಈಗಲೇ ಹೋಗಿ ಇದರಲ್ಲಿ ತಾ ಎಂದರು. ಬೇರೆ ಯಾರಿಗಾದರೂ ಅದು ಶಿಕ್ಷೆಯಾಗುತ್ತಿತ್ತು. ನಾನು ಹೋಗಿ, ತಂದು ಕೊಟ್ಟೆ.

ಅವರೇ ದೀಪ ಹಚ್ಚಿದರು, ಅವರೇ ಹನಿ ಎಣಿಸಿ ಹಾಕಿದರು. ಹುಡುಗಿಯರೆಲ್ಲ ಸುತ್ತ ನಿಂತಿದ್ದರು, ಇನ್ನೂ ಕಿಸಿಕಿಸಿ ನಗುತ್ತಿದ್ದವರೂ ಇದ್ದರು. ನಳಿಕೆ ಮತ್ತೆ ಇಟ್ಟಂಗಿಯಾಯಿತು. ಮೇಡಂ ಅದನ್ನು ಸ್ಟ್ಯಾಂಡಿನಲ್ಲಿಟ್ಟು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು, ನನ್ನ ಕತ್ತಿನ ಎಲುಬನ್ನು, ಸಡಿಲವಾದ ತೋಳನ್ನು.

"ನೀರ್ ಭಾಳ ಕುಡಿತಿ ಏನ?"

"ಕುಡಿತೇನ್ರಿ ಮೇಡಂ."

"ಎಂದಿನಿಂದ?"

"ಮಿರಗದ ಮಳಿ ಆದಾಗಿಂದ್ರಿ, ಮೂರ್ ತಿಂಗಳಾಯ್ತು."

"ಮತ್ತ ಯಾರಿಗೂ ಯಾಕ ಹೇಳಿಲ್ಲ?"

ಏನೆಂದು ಹೇಳಬೇಕಿತ್ತು? ನೀರಡಿಕೆ ಆಗುತ್ತದೆ ಎಂದು ಯಾರಾದರೂ ದೂರು ಕೊಡುತ್ತಾರೆಯೇ? ಮೇಡಂ ಉಳಿದ ಪ್ರಾಕ್ಟಿಕಲ್ ರದ್ದು ಮಾಡಿ, ನನ್ನನ್ನೂ ಅಂಬಿಕಾಳನ್ನೂ ಆಟೋದಲ್ಲಿ ಕೂರಿಸಿಕೊಂಡು ಸರಕಾರಿ ದವಾಖಾನೆಗೆ ಹೋದರು. ಅವರಿಗೆ ಆವತ್ತು ಭಾಲ್ಕಿಯ ಬಸ್ಸು ತಪ್ಪಿತು. ರಕ್ತ ಪರೀಕ್ಷೆಯಾದ ಮೇಲೆ ಡಾಕ್ಟರು ಮನೆಗೆ ಕಳಿಸಲಿಲ್ಲ. ಇನ್ನೊಂದು ವಾರ ಹೀಗೇ ಬಿಟ್ಟಿದ್ದರೆ ಪ್ರಜ್ಞೆ ತಪ್ಪಿ ಬರುತ್ತಿದ್ದಳು ಎಂದು ಮೇಡಂಗೆ ಹೇಳಿದ್ದು ನನಗೂ ಕೇಳಿಸಿತು. ಇದು ಮುದುಕರಿಗೆ ಬರುವ ಸಕ್ಕರೆ ಕಾಯಿಲೆಯಲ್ಲ, ದೇಹ ಇನ್ಸುಲಿನ್ ಮಾಡುವುದನ್ನೇ ಬಿಟ್ಟಿದೆ, ಗುಳಿಗೆಗೆ ಬಗ್ಗುವುದಿಲ್ಲ, ಬದುಕಿರುವವರೆಗೆ ದಿನಾ ಸೂಜಿ ಎಂದರು.

ಅಪ್ಪ, ಅವ್ವ ಸಂಜೆಯ ಬಸ್ಸಿಗೆ ಬಂದರು. ಅಪ್ಪನ ತಲೆಗೂದಲಲ್ಲಿ ಇನ್ನೂ ಹಿಟ್ಟಿತ್ತು. ಅವ್ವ ಮಂಚದ ಹತ್ತಿರ ಬಂದು ನನ್ನ ಕಾಲು ಹಿಡಿದುಕೊಂಡು ಕೂತಳು, ಬಿಡಲೇ ಇಲ್ಲ. ಮರುದಿನ ಔರಾದದಿಂದ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ, ನಮ್ಮ ಮನೆತನದಲ್ಲಿ ಮೊದಲು ನೌಕರಿ ಹಿಡಿದವರು, ನನ್ನನ್ನು ಕಾಲೇಜಿಗೆ ಸೇರಿಸಲು ಓಡಾಡಿದವರೂ ಅವರೇ. ಅವರ ಮಾತೆಂದರೆ ಮನೆಯಲ್ಲಿ ಮುಗಿಯಿತು. ಅವರು ಕೆಟ್ಟವರೇನಲ್ಲ, ಹೆದರಿದ್ದರು. ಡಿಗ್ರಿ ಎಲ್ಲಿಗೂ ಓಡಿಹೋಗುವುದಿಲ್ಲ, ಹುಡುಗಿ ಮನೆಯಲ್ಲಿರಲಿ, ಕಾಯಿಲೆಯ ಸುದ್ದಿ ಹೊರಗೆ ಹೋಗದಿರಲಿ ಎಂದರು. ಅಪ್ಪ ಹೂಂಗುಟ್ಟಿದ.

ಊರಿಗೆ ಕರೆದುಕೊಂಡು ಬಂದ ಮೇಲೆ ಅದೇ ಮಾತು ಮತ್ತೆ ನಡೆಯಿತು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಅವ್ವ ಇನ್ಸುಲಿನ್ ಸೀಸೆಯನ್ನು ಡಬ್ಬಿಯಲ್ಲಿಟ್ಟು, ಮಣ್ಣಿನ ಗಡಿಗೆಯೊಳಗೆ ತೂಗುಬಿಟ್ಟು, ಸುತ್ತ ಒದ್ದೆ ಗೋಣಿಪಟ್ಟಿ ಸುತ್ತಿದ್ದಳು. ನಾನು ಆ ಗಡಿಗೆಯ ಪಕ್ಕದ ಕೋಣೆಯಲ್ಲಿ ಮಲಗಿ ಎಲ್ಲ ಕೇಳುತ್ತಿದ್ದೆ. ಕಾಲೇಜು ಬಿಟ್ಟರೆ ನನಗೆ ಉಳಿಯುವುದೇನು ಎಂಬುದು ಆಗ ತಿಳಿದಿತ್ತು. ಸೂಜಿ ಮುಚ್ಚಿಟ್ಟುಕೊಂಡು ಬಾಗಿಲ ಹಿಂದೆ ಕೂರುವುದು, ಯಾರಾದರೂ ಬಂದರೆ ಗಡಿಗೆಯ ಮೇಲೆ ಬಟ್ಟೆ ಎಳೆಯುವುದು. ಅರ್ಥವಾಗದ ಆ ಇಂಗ್ಲಿಷ್ ಪಾಠ, ಆ ನೂಕುನುಗ್ಗಲಿನ ಬಸ್ಸು ಕೂಡ ಆಗ ಬೇಕೆನ್ನಿಸಿ ಅಳು ಬಂತು.

"ಸೂಜಿ ಮ್ಯಾಲ ಅದಾಳ ಅಂತ ಊರಿಗಿ ಗೊತ್ತಾದ್ರ ನಾಳಿ ಹೆಣ್ಣ ಕೇಳ್ಲಿಕ್ಕಿ ಯಾರ್ ಬರ್ತಾರ? ಬಸ್ಸಿನಾಗ ಚಕ್ಕರ್ ಬಂದು ಬಿದ್ದ್ರ ಯಾರ್ ಜವಾಬ್ದಾರಿ?" ದೊಡ್ಡಪ್ಪ ಕೇಳಿದರು.

ಅವ್ವ ಭಾವನ ಎದುರು ತಲೆಯ ಮೇಲಿನ ಸೆರಗು ಸರಿಸಿದವಳಲ್ಲ, ನೀರು ಕೊಟ್ಟು ಒಳಗೆ ಬರುವವಳು. ಅಂದು ಚೌಕಟ್ಟಿನಲ್ಲಿ ನಿಂತು, ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡು, ನೆಲ ನೋಡುತ್ತಲೇ ಮಾತಾಡಿದಳು.

"ಇಷ್ಟ್ ದಿನ ಅಕಿ ನನ್ನ ಕಣ್ಣ ಮುಂದೇ ಇದ್ಳರಿ. ನನ್ನ ಕೈಲಿ ಅಂಗಿ ಹಿಡಿದು ಹೊಲದೇನಿ, ನನಗ ತಿಳಿಲಿಲ್ಲ. ತಿಳಿದಿದ್ದು ಕಾಲೇಜಿನಾಗ. ಮನ್ಯಾಗ ಕುಂದ್ರಿಸಿಕೊಂಡ್ರ ನಾಳಿನೂ ನನಗ ತಿಳ್ಯಂಗಿಲ್ಲ. ತಿಳಿಯೋರು ಇರೋ ಕಡಿಗೇ ಹೋಗ್ಲಿ ಬಿಡ್ರಿ."

ಹಾಗಾದರೆ ಅವಳಿಂದ ಮನೆಗೆಲಸ ಮಾಡಿಸಬೇಡಿ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು, ಅದನ್ನು ನೀವೇ ನೋಡಿಕೊಳ್ಳಬೇಕು ಎಂದು ಹೇಳಿ ದೊಡ್ಡಪ್ಪ ಎದ್ದರು. ನೋಡಿಕೊಳ್ಳುತ್ತೇನೆ ಎಂದು ಅವ್ವ ತಲೆಯಾಡಿಸಿದಳು.

ಸೋಯಾ ರಾಶಿ ಮುಗಿಯುವ ಹೊತ್ತಿಗೆ ನಾನು ಕಾಲೇಜಿಗೆ ಹೊರಟೆ. ಹಾಜರಿ ಕಡಿಮೆ ಬಿದ್ದದ್ದಕ್ಕೆ ಮೇಡಂ ಪ್ರಿನ್ಸಿಪಾಲರ ಹತ್ತಿರ ಹೋಗಿ ಬಂದರು. ಬ್ಯಾಚಿನ ಹುಡುಗಿಯರು ಮೊದಲ ದಿನ ನನ್ನನ್ನು ಗಾಜಿನ ಸಾಮಾನಿನ ಹಾಗೆ ನೋಡಿದರು. ಅಂಬಿಕಾ ಮಾತ್ರ, ನಮ್ಮ ಸಲುವಾಗಿ ಹೋಗಿದ್ದಕ್ಕೆ ನಿನ್ನ ಜೀವ ಉಳಿಯಿತು, ಇನ್ನು ಮೇಲೆ ಎಲ್ಲದಕ್ಕೂ ನಿನ್ನನ್ನೇ ಕಳಿಸುತ್ತೇವೆ ಎಂದಳು. ಆಮೇಲೆ ಶೌಚಾಲಯದಲ್ಲಿ ಬಾಗಿಲು ಹಿಡಿದು ನಿಂತು, ನಾನು ಸೂಜಿ ಚುಚ್ಚಿಕೊಳ್ಳುವುದನ್ನು ನೋಡಲಾರದೆ ಅತ್ತಳು.

ಸೂಜಿ ಶುರುವಾಗಿ ತಿಂಗಳೋ ಏನೋ ಆಗಿತ್ತು. ಒಂದು ಬೆಳಿಗ್ಗೆ ಎಚ್ಚರವಾಯಿತು. ಏನೋ ಕಳೆದುಹೋದ ಹಾಗಿತ್ತು. ಏನೆಂದು ತಿಳಿಯದೆ ಎದ್ದು ಕೂತೆ, ತಲೆ ಬಾಚಿಕೊಂಡೆ, ಅಂಗಳಕ್ಕೆ ಹೋದೆ. ಆಮೇಲೆ ತಿಳಿಯಿತು, ದಣಿವು ಇರಲಿಲ್ಲ. ಬೇರೆಯವರು ಇಷ್ಟು ಹಗುರಾದ ಮೈ ಹೊತ್ತು ತಿರುಗುತ್ತಾರೆಯೇ ಎಂದು ಹೊಟ್ಟೆಕಿಚ್ಚಾಯಿತು, ಜೊತೆಗೆ ಸಂತೋಷಕ್ಕೆ ಕುಣಿಯಬೇಕು ಅನ್ನಿಸಿತು. ಬಸ್ಸಿನಲ್ಲಿ ಎಚ್ಚರವಾಗಿ ನಿಂತು ತೊಗರಿಯ ಹೊಲಗಳು ಹೂವಾಗಿರುವುದನ್ನು ನೋಡಿದೆ. ಮೇಡಂ ಕೊನೆಯ ಪಾಠಗಳನ್ನು ಮಾಡುತ್ತಿದ್ದರು. ರಕ್ತದ ತುಂಬ ಸಕ್ಕರೆ ಹರಿಯುತ್ತಿದ್ದರೂ ಇನ್ಸುಲಿನ್ ಇಲ್ಲದಿದ್ದರೆ ಜೀವಕೋಶ ಹಸಿದಿರುತ್ತದೆ ಎಂದು ಹೇಳಿ, ನನ್ನ ಕಡೆ ನೋಡದೆ ಬೋರ್ಡಿನ ಕಡೆ ತಿರುಗಿಕೊಂಡರು. ಆ ಪಾಠವನ್ನು ನಾನು ಯಾರ ಸಹಾಯವಿಲ್ಲದೆ ಓದಿದೆ. ಇಂಗ್ಲಿಷ್ ಅಷ್ಟು ಸುಲಭವಾದದ್ದು ಅದೇ ಮೊದಲು.

ಮೈ ಹಗುರಾದ ಮೇಲೆ ಕಣ್ಣೂ ಬೇರೆಯಾಯಿತೇನೋ. ಅವ್ವ ಕಾಣತೊಡಗಿದಳು. ಸೂಜಿ ಹಚ್ಚಿದ ಮೇಲೆ ನಾನು ಹೊತ್ತಿಗೆ ಸರಿಯಾಗಿ ತಿನ್ನಬೇಕೆಂದು ಅವಳು ಮೊದಲಿಗಿಂತ ಬೇಗ ಎದ್ದು ರೊಟ್ಟಿ ಬಡಿಯುತ್ತಿದ್ದಳು. ನಾನು ಮಾಡುತ್ತಿದ್ದ ಕಸ, ಮುಸುರೆ, ನೀರು ಎಲ್ಲ ಅವಳ ಮೇಲೆ ಬಿದ್ದಿತ್ತು. ಅದೆಲ್ಲ ಮುಗಿಸಿ ಹೊಲ. ಸಂಜೆ ಹೊಲದಿಂದ ಮನೆಗೆ ಹೋಗದೆ, ಸೆರಗಿಗೆ ಬೆಲ್ಲದ ಚೂರು ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು, ಸಕ್ಕರೆ ಇಳಿದು ನಾನು ತೂರಾಡುತ್ತ ಇಳಿದರೆ ಎಂದು. ನಾನು ಗಟ್ಟಿಮುಟ್ಟಾಗಿ ಇಳಿದಾಗ ಅವಳು ಕೂತಲ್ಲೇ ತೂಕಡಿಸುತ್ತಿದ್ದಳು. ಕೆಲಸ ಮಾಡುತ್ತೇನೆ ಎಂದರೆ ಮುಟ್ಟಗೊಡುತ್ತಿರಲಿಲ್ಲ, ದೊಡ್ಡಪ್ಪನಿಗೆ ಮಾತು ಕೊಟ್ಟಿದ್ದೇನೆ ಎನ್ನುತ್ತಿದ್ದಳು.

ರಕ್ತದ ಸಕ್ಕರೆ ನೋಡುವ ಪಟ್ಟಿ ನಮ್ಮ ಕಡೆ ಒಂದೊಂದು ಸಲ ಸಿಗುತ್ತಿರಲಿಲ್ಲ. ಅಂಥ ದಿನಕ್ಕೆಂದು ಮೇಡಂ ಚಿಕ್ಕ ಬಾಟಲಿಯಲ್ಲಿ ಬೆನೆಡಿಕ್ಟ್ ದ್ರಾವಣ, ಒಂದು ನಳಿಕೆ, ಒಂದು ಇಕ್ಕಳ ಕೊಟ್ಟಿದ್ದರು. ಹಿಂದಿನವರು ಮನೆಯಲ್ಲಿ ಹೀಗೇ ನೋಡಿಕೊಳ್ಳುತ್ತಿದ್ದರಂತೆ. ಒಲೆಯ ಪಕ್ಕ ನಾನು ನಳಿಕೆ ಕಾಸುವುದನ್ನು ಅವ್ವ ರೊಟ್ಟಿ ಬಡಿಯುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಹಸಿರಾದರೆ ಏನು, ಹಳದಿಯಾದರೆ ಏನು ಎಂದು ಕೇಳಿ ತಿಳಿದುಕೊಂಡಿದ್ದಳು. ನನ್ನದು ನೀಲಿಯಾಗಿ ಉಳಿದ ದಿನ ಅವಳ ಮುಖ ಅರಳುತ್ತಿತ್ತು.

ಎಳ್ಳಮಾವಾಸ್ಯೆ ಕಳೆದು ತೊಗರಿ ಕೊಯ್ಲು ನಡೆದಿತ್ತು. ಒಂದು ಬೆಳಿಗ್ಗೆ ನಾನು ನಳಿಕೆ ತೊಳೆಯುತ್ತಿದ್ದಾಗ ಅವ್ವ ಬಂದು ಪಕ್ಕದಲ್ಲಿ ಕೂತಳು. ಸೆರಗಿನ ಮರೆಯಿಂದ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ತೆಗೆದು ನೆಲದ ಮೇಲಿಟ್ಟು, ಬೇರೆ ಕಡೆ ನೋಡಿದಳು.

"ನಂದೂ ಒಮ್ಮಿ ನೋಡು."

"ನಿನಗೇನ್ ಆಗ್ಯಾದವ್ವ?"

"ನಿನಗ ಆಗ್ತಿತ್ತಲ್ಲ, ಹಂಗೇ ಆಗ್ತದ. ಕಾಲ್ ಎಳಿತಾವ. ಮುಂಜಾನಿ ಏಳ್ಲಿಕ್ಕಿ ಮೈ ಬರಲ್ಲ. ನೀ ಸೂಜಿ ಹಚ್ಚಿದ ಮ್ಯಾಲ ಹಗುರಾದಿ. ನಂದೂ ಅದೇ ಇರ್ಬೇಕು."

ನನ್ನದನ್ನು ನೋಡಿಕೊಂಡಾಗಲೂ ಅಷ್ಟು ಹೆದರಿರಲಿಲ್ಲ. ದ್ರಾವಣ ಅಳೆದು, ಹನಿ ಹಾಕಿ, ಒಲೆಯ ಉರಿಗೆ ಹಿಡಿದೆ. ಕೆಂಪಾಗದಿರಲಿ, ಹಸಿರೂ ಆಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವ್ವ ಮುಂದೆ ಬಾಗಿ ನಳಿಕೆಯನ್ನೇ ನೋಡುತ್ತಿದ್ದಳು. ದ್ರಾವಣ ಕುದಿಯಿತು. ನೀಲಿಯಾಗಿಯೇ ಇತ್ತು. ಜೀವ ಬಂದಂತಾಗಿ, ಏನೂ ಇಲ್ಲ ಎಂದು ಅವಳ ಕಣ್ಣ ಹತ್ತಿರ ಹಿಡಿದೆ.

"ಇನ್ನ ಜರಾ ಕಾಸು," ಎಂದಳು.

ಕಾಸಿದೆ. ನಳಿಕೆಯ ಬಾಯಿಗೆ ಉಕ್ಕಿ ಬರುವವರೆಗೆ ಕಾಸಿದೆ. ಆಕಾಶದಷ್ಟು ನೀಲಿ.

"ಛಲೋ ಆಯ್ತಲ್ಲವ್ವ," ಎಂದೆ.

"ಛಲೋ ಆಯ್ತು," ಎಂದಳು. ಆದರೆ ಅವಳ ಮುಖ ಅರಳಲಿಲ್ಲ. ನಳಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದಳು.

"ಹಂಗಾದ್ರ ನನಗ್ಯಾಕ ಇಷ್ಟ್ ಸಾಕಾಗ್ತದ?"

ಅವಳು ಉತ್ತರಕ್ಕೆ ಸ್ವಲ್ಪ ಹೊತ್ತು ಕಾದಳು, ಕಾಲೇಜಿಗೆ ಹೋಗುವ ಮಗಳಿಗೆ ಗೊತ್ತಿರುತ್ತದೆ ಎಂದುಕೊಂಡವಳಂತೆ. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದಳು, ರೊಟ್ಟಿ ಆರುತ್ತದೆ, ತಿನ್ನು ಎಂದಳು, ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ತೆಗೆದುಕೊಂಡು ತೊಗರಿಯ ಹೊಲಕ್ಕೆ ಹೋದಳು.